ಪರ್ಸಿನಲ್ಲಿ ಮಲಗಿದ್ದ ಸಿಮ್

ಮೊದಲ ಸಲ ಆಫೀಸ್ ಕೆಲಸಕ್ಕೆ ಜರ್ಮನಿಗೆ ಹೋದಾಗ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ತಕ್ಷಣ ಏರೋಪ್ಲೇನ್ ಮೋಡ್ ತೆಗೆದೆ. ಡೇಟಾ ರೋಮಿಂಗ್ ಆನ್ ಇದ್ದದ್ದು ನೋಡಲೇ ಇಲ್ಲ. ನಾನು ಸೂಟ್‌ಕೇಸಿಗೆ ಕಾಯುತ್ತಿದ್ದರೆ, ಫೋನು ತನ್ನ ಪಾಡಿಗೆ ತಾನು ಫ್ಯಾಮಿಲಿ ಗ್ರೂಪಿನ ವಿಡಿಯೊಗಳನ್ನೆಲ್ಲ ಇಳಿಸಿಕೊಳ್ಳುತ್ತಾ ಕೂತಿತ್ತು. ತಿಂಗಳ ಕೊನೆಗೆ 11 ಸಾವಿರದ ಬಿಲ್ಲು! ಅದರಲ್ಲಿ ಚಿಕ್ಕಮ್ಮ ಕಳಿಸಿದ ಗುಡ್ ಮಾರ್ನಿಂಗ್‌ಗಳ ಪಾಲೆಷ್ಟೋ ದೇವರಿಗೇ ಗೊತ್ತು.

ಎರಡನೇ ಸಲ ಸ್ಟುಟ್‌ಗಾರ್ಟ್‌ಗೆ ಹೋಗುವಾಗ ಹಠ ಹಿಡಿದೆ. ಬೆಂಗಳೂರಿನ ಸಿಮ್ ಕಿತ್ತು ಪರ್ಸಿಗೆ ಹಾಕಿದೆ. ಅಲ್ಲಿನ ಪ್ರೀಪೇಯ್ಡ್ ಸಿಮ್ ಹಾಕಿಕೊಂಡೆ, ಊರಿನ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಂಡೆ, ವಾಟ್ಸ್ಆ್ಯಪ್ ಹಳೇ ನಂಬರಿನಲ್ಲೇ ಓಡುತ್ತಿತ್ತು. ಇನ್ನೇನು ಬೇಕು?

ಆದರೆ ಅಮ್ಮನಿಗೆ ವಾಟ್ಸ್ಆ್ಯಪ್ ಬರಲ್ಲ. ಒಂದು ಸಂಜೆ ಪಕ್ಕದ ಮನೆ ಹುಡುಗನ ಮೆಸೇಜು: "ಅಕ್ಕಾ, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಿದಾರೆ, ಶಿವಮೊಗ್ಗಕ್ಕೆ ಕರ್ಕೊಂಡು ಬಂದಿದೀವಿ. ಅಮ್ಮ ಆಗ್ಲಿಂದ ಫೋನ್ ಮಾಡ್ತಾನೇ ಇದಾರೆ, ಸ್ವಿಚ್ ಆಫ್ ಅಂತ ಬರ್ತಿದೆ." ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಅಡ್ವಾನ್ಸ್ ಕಟ್ಟಬೇಕು. ನೆಟ್‌ಬ್ಯಾಂಕಿಂಗ್ ತೆರೆದರೆ ಒಟಿಪಿ ಕೇಳಿತು. ಒಟಿಪಿ ಬರಬೇಕಾದ ಸಿಮ್ ಪರ್ಸಿನಲ್ಲಿ ಮಲಗಿದೆ, ಟ್ರೇ ತೆಗೆಯುವ ಪಿನ್ನು ಬೆಂಗಳೂರಿನಲ್ಲಿದೆ.

ಕಿವಿಯೋಲೆ ಬಿಚ್ಚಿ ಅದರ ಕಡ್ಡಿಯಲ್ಲೇ ಟ್ರೇ ತೆಗೆದೆ. ಕೈ ನಡುಗಿ ಸಿಮ್ ಎರಡು ಸಲ ನೆಲಕ್ಕೆ ಬಿತ್ತು. ಡೇಟಾ ರೋಮಿಂಗ್ ಆಫ್ ಮಾಡಿ, ಹೋಟೆಲ್ ವೈಫೈನಲ್ಲಿ ಮತ್ತೆ ಪ್ರಯತ್ನಿಸಿದೆ. ಒಟಿಪಿ ಬಂತು. ದುಡ್ಡು ಹೋಯಿತು. ಆಮೇಲೆ ಅಮ್ಮನಿಗೆ ಮಾಮೂಲಿ ಕಾಲ್ ಮಾಡಿದೆ, ನಿಮಿಷಕ್ಕೆ ಎಷ್ಟು ಅಂತ ನೋಡದೆ. "ಎಲ್ ಹೋಗಿದ್ಯೇ?" ಅಂದರು. ಪರ್ಸಿನ ಕಥೆ ಹೇಳಲು ಬಾಯಿ ಬರಲಿಲ್ಲ.

ತಮಾಷೆಯೆಂದರೆ, ಆ ತಿಂಗಳ ಬಿಲ್ಲಿನಲ್ಲಿ ಒಟಿಪಿ ಮೆಸೇಜಿಗೆ ಒಂದು ಪೈಸೆಯೂ ಇರಲಿಲ್ಲ. ದುಡ್ಡು ತಿನ್ನುವುದು ಡೇಟಾ, ಮತ್ತೆ ಎತ್ತಿ ಮಾತಾಡಿದ ಕರೆ. ಅದು ತಿಳಿಯದೆ ಸಿಮ್ಮನ್ನೇ ಕಿತ್ತೆಸೆದಿದ್ದೆ.

ಈಗ ಹೊರಡುವ ಹಿಂದಿನ ದಿನವೇ ಮನೆಯ ವೈಫೈನಲ್ಲಿ ಇ-ಸಿಮ್ ಹಾಕಿಕೊಳ್ಳುತ್ತೇನೆ. ಡೇಟಾ ಎಲ್ಲ ಅದರದ್ದು. ನಮ್ಮೂರ ಸಿಮ್ ಪಕ್ಕದಲ್ಲೇ ಎಚ್ಚರವಾಗಿರುತ್ತೆ, ರೋಮಿಂಗ್ ಡೇಟಾ ಮಾತ್ರ ಆಫ್. ಫೋಟೊ, ವಿಡಿಯೊ ಬ್ಯಾಕಪ್ ರಾತ್ರಿ ಹೋಟೆಲಿಗೆ ಬಂದ ಮೇಲೇ.

ಒಂದು ವಿಷಯ ಮಾತ್ರ ಮರೀಬೇಡಿ. 2017ರಿಂದ ಯುರೋಪಿಯನ್ ಯೂನಿಯನ್ ಒಳಗಿನ ಸಿಮ್ ಯೂನಿಯನ್ನಿನ ಬೇರೆ ದೇಶಗಳಲ್ಲೂ ಹೆಚ್ಚುವರಿ ದುಡ್ಡಿಲ್ಲದೆ ನಡೆಯುತ್ತೆ. ಸ್ವಿಟ್ಜರ್‌ಲೆಂಡ್ ಆ ಯೂನಿಯನ್ನಿನಲ್ಲಿಲ್ಲ. ಗಡಿಯಲ್ಲಿರುವ ಕಾನ್‌ಸ್ಟಾನ್ಸ್‌ನಲ್ಲಿ ಸರೋವರ ನೋಡುತ್ತಾ ಕೂತಿದ್ದೆ. ಕಾಲು ಜರ್ಮನಿಯಲ್ಲೇ ಇದ್ದರೂ ಫೋನು ಸ್ವಿಸ್ ಟವರ್ ಹಿಡಿದುಬಿಟ್ಟಿತ್ತು. ಗಡಿ ಊರುಗಳಲ್ಲಿ ನೆಟ್‌ವರ್ಕನ್ನು ನಾವೇ ಆರಿಸಿಡೋದು ಒಳ್ಳೇದು.

ಅಮ್ಮನಿಗೂ ಹೇಳಿಕೊಟ್ಟಿದ್ದೇನೆ: ಮಾಮೂಲಿ ವಿಷಯಕ್ಕೆ ಒಂದು ಮಿಸ್ಡ್ ಕಾಲ್, ನಾನೇ ಅಪ್ಪನ ಹೊಸ ಫೋನಿಗೆ ವಾಟ್ಸ್ಆ್ಯಪ್‌ನಲ್ಲಿ ಮಾಡ್ತೀನಿ. ಬಿಡದೆ ಮೂರು ಸಲ ರಿಂಗಾದರೆ ಎಷ್ಟೇ ಖರ್ಚಾಗಲಿ ಎತ್ತುತ್ತೇನೆ. ಹೋದ ತಿಂಗಳು ಮೀಟಿಂಗ್ ಮಧ್ಯೆ ಮೂರು ಸಲ ರಿಂಗಾಯಿತು. ಎದೆ ಹೊಡೆದುಕೊಳ್ಳುತ್ತಾ ಹೊರಗೆ ಓಡಿ ಎತ್ತಿದೆ.

"ಏನಿಲ್ವೇ, ಎತ್ತುತೀಯೋ ಇಲ್ವೋ ಅಂತ ನೋಡ್ದೆ."