ನಗುವ ಮೋಡ

ಫೆಬ್ರುವರಿ ಕೊನೆಯಲ್ಲಿ ಮೂಡಿಗೆರೆ ಕಡೆಯ ಕಾಫಿ ಬೆಳೆಗಾರನ ಹತ್ತಿರ ಕ್ಷೇಮಸಮಾಚಾರ ಕೇಳಬಾರದು. ಕೇಳಿದರೆ ಆಕಾಶ ನೋಡಿಕೊಂಡೇ ಉತ್ತರ ಕೊಡುತ್ತಾನೆ. ರೊಬಸ್ಟಾಕ್ಕೆ ಆ ಹೊತ್ತಿಗೆ ಒಂದಿಂಚು ಹೂಮಳೆ ಬೇಕು. ಬಿದ್ದು ವಾರ, ಹತ್ತು ದಿನಕ್ಕೆ ಹೂ ಅರಳುತ್ತದೆ. ಅರಳಿದ ದಿನ ಮಾತ್ರ ಹನಿ ಬೀಳಕೂಡದು. ಆಮೇಲೆ ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮಳೆ. ಇಷ್ಟು ಶಿಸ್ತನ್ನು ನಾವು ಹೆತ್ತ ಮಕ್ಕಳಿಂದಲೂ ಬಯಸಿದವರಲ್ಲ. ಮಳೆ ಕೈಕೊಟ್ಟರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸಬೇಕು. ಡೀಸೆಲ್ ಸುಟ್ಟು ನೀರು ಹಾಯಿಸಿದ ರಾತ್ರಿಯೇ ಎರಡಿಂಚು ಹೊಡೆಯಿತೋ, ಮಾರನೇ ದಿನ ಆ ಮನೆಯಲ್ಲಿ ಯಜಮಾನನನ್ನು ಯಾರೂ ಮಾತಾಡಿಸುವುದಿಲ್ಲ.

ಇಂಥ ಕಾಲಕ್ಕೆಂದೇ ನಾನು ನೆಚ್ಚಿಕೊಂಡಿದ್ದ ಒಂದು ಹವಾಮಾನದ ವೆಬ್‌ಸೈಟ್ ಇತ್ತು. ನೋಡುವುದಕ್ಕೆ ಸೊಸೈಟಿಯ ಲೆಡ್ಜರ್ ಥರ. ಬಿಳಿ ಪುಟ, ಕಪ್ಪು ಗೆರೆ, ಮೂರು ಗಂಟೆಗೊಂದು ಸಾಲು: ಗಾಳಿ ಯಾವ ಕಡೆಯಿಂದ, ತೇವ ಎಷ್ಟು, ಮೋಡ ಎಷ್ಟು, ಮಳೆ ಎಷ್ಟು. ಕೆಳಗೆ ಅರ್ಧ ಗಂಟೆಗೊಮ್ಮೆ ಬದಲಾಗುವ ಇನ್ಸಾಟ್ ಉಪಗ್ರಹದ ಚಿತ್ರ. ವಿದರ್ಭದಿಂದ ಕರ್ನಾಟಕದ ಒಳನಾಡಿನ ಮೇಲೆ ಹಾದು ತಮಿಳುನಾಡಿನ ತನಕ ಬೇಸಗೆಯಲ್ಲಿ ಒಂದು ಕಡಿಮೆ ಒತ್ತಡದ ಪಟ್ಟಿ ಚಾಚಿಕೊಳ್ಳುತ್ತದಲ್ಲ, ಅದು ಪೂರ್ವಕ್ಕೆ ಸರಿದಿದೆಯೋ ಪಶ್ಚಿಮಕ್ಕೋ ಎಂದು ಪಕ್ಕದ ತೋಟದ ಗೌಡರೂ ನಾನೂ ಫೋನಿನಲ್ಲಿ ಜಗಳಕ್ಕೇ ಬೀಳುತ್ತಿದ್ದೆವು. ಇಬ್ಬರೂ ಓದಿದ್ದು ಬಿ.ಕಾಂ.

ಒಂದು ಬೆಳಿಗ್ಗೆ ತೆರೆದರೆ ಲೆಡ್ಜರ್ ಮಾಯ. ತೆರೆಯ ತುಂಬ ತಿಳಿನೀಲಿ. ನಡುವೆ ಕೆನ್ನೆ ಉಬ್ಬಿಸಿಕೊಂಡು ನಗುವ ಒಂದು ದಪ್ಪ ಮೋಡ. ಅದರ ಕೆಳಗೆ 40% ಎಂಬ ಅಂಕಿ. ಅಷ್ಟೇ.

ಗೌಡರ ಫೋನು ಬಂತು. “ನಲವತ್ತು ಸೆಂಟ್ಸ್ ತೋರಿಸ್ತಿದೆ, ನೋಡಿದ್ರಾ?”

ಇಂಚಿನ ನೂರರಲ್ಲೊಂದು ಪಾಲನ್ನು ಸೆಂಟ್ಸ್ ಎನ್ನುವ ತೋಟದವರಿಗೆ ಮಳೆಯ ಮುಂದೆ ಅಂಕಿ ಕಂಡರೆ ಅದು ಸೆಂಟ್ಸೇ. ಅದು ಮಳೆಯಲ್ಲ, ಮಳೆ ಬರುವ ಸಾಧ್ಯತೆ ಎಂದೆ. “ಅಂದ್ರೆ ಬರತ್ತೋ, ಇಲ್ವೋ?” ಅದನ್ನೇ ನಾನೂ ಮೋಡದ ಹತ್ತಿರ ಕೇಳುತ್ತಿದ್ದೆ.

ಇನ್ನೊಂದು ಅವಾಂತರ, ಈ ಹೊಸ ಪುಟ ನಮ್ಮನ್ನು ಬೆಂಗಳೂರಿನಲ್ಲಿ ಕೂರಿಸಿತ್ತು. ನಮ್ಮ ಇಂಟರ್ನೆಟ್ ಹೊರಜಗತ್ತಿಗೆ ಕಾಲಿಡುವುದು ಅಲ್ಲಿಂದಂತೆ. ಹಾಗಾಗಿ ನಾವೂ ಅಲ್ಲೇ ಇರಬೇಕೆಂದು ಅದರ ಎಣಿಕೆ. ಇವತ್ತು ಜಾಗಿಂಗ್‌ಗೆ ಒಳ್ಳೆಯ ದಿನ ಎಂದು ಹಿತವಚನ ಬೇರೆ. ಹೋಬಳಿ ಹುಡುಕಿ, ಮೂಲೆಯ ಮೂರು ಗೆರೆ ಒತ್ತಿ, ಒಂದು ಗಾದಿಯ ಜಾಹೀರಾತು ದಾಟಿ ಹೋದರೆ ಹಳೆಯ ಕೋಷ್ಟಕದ ಒಂದು ತುಂಡು ಇನ್ನೂ ಉಸಿರಾಡುತ್ತಿದೆ, ಮಿಲಿಮೀಟರಿನಲ್ಲಿ. 25.4ರಿಂದ ಭಾಗಿಸಿಕೊಂಡು ಕೂರುವಷ್ಟರಲ್ಲಿ ಗುಡುಗು ಶುರುವಾಗಿರುತ್ತದೆ. ದೂರು ಕೊಡೋಣವೆಂದರೆ ಅಲ್ಲಿ ಬರೆಯಲು ಜಾಗವಿಲ್ಲ. ನಗುವ, ಸುಮ್ಮನಿರುವ, ಅಳುವ ಮೂರು ಮುಖಗಳಲ್ಲಿ ಒಂದನ್ನು ಒತ್ತಬೇಕು. ಅರವತ್ತರ ಮೇಲೆ ಅಳುಮುಖ ಒತ್ತುವುದು ಸುಲಭವಲ್ಲ. ಒತ್ತಿದೆ.

ಹಳೆಯದೇನು ಸತ್ಯಹರಿಶ್ಚಂದ್ರನ ಮೊಮ್ಮಗನಾಗಿರಲಿಲ್ಲ. ಬೇಸಗೆಯ ಗುಡುಗುಮಳೆ ನಮ್ಮ ಬೇಲಿಯ ತನಕ ಬಂದು ಗೌಡರ ತೋಟಕ್ಕೆ ಬೆನ್ನು ತಿರುಗಿಸಿ ಹೋಗುವಂಥದ್ದು. ಯಾವ ಕಂಪ್ಯೂಟರ್ ತಾನೇ ಅದನ್ನು ಹಿಡಿದೀತು? ಆದರೆ ಅದು ತನ್ನ ಲೆಕ್ಕವನ್ನೆಲ್ಲ ನಮ್ಮ ಮುಂದೆ ಹರವುತ್ತಿತ್ತು. ಅದೂ ನಾವೂ ಕೂಡಿಕೊಂಡು ತಪ್ಪುತ್ತಿದ್ದೆವು. ಈ ಮೋಡ ಎಲ್ಲವನ್ನೂ ಒಳಗೇ ತೀರ್ಮಾನಿಸಿ, ಹಲ್ಲು ತೋರಿಸಿ ಸುಮ್ಮನಾಗುತ್ತದೆ.

ಈ ಸಲ ಮಾರ್ಚಿನಲ್ಲಿ ಗೌಡರು ಮತ್ತೆ ಫೋನ್ ಮಾಡಿದರು.

“ನಿಮ್ಮ ಮೋಡ ಏನ್ಮಾಡ್ತಿದೆ?”

“ನಗ್ತಿದೆ.”

“ನಮ್ದೂ ನಗ್ತಿದೆ. ಹಾಗಾದ್ರೆ ನಾಳೆ ಪಂಪ್ ಇಡ್ತೀನಿ ಮಾರಾಯ್ರೆ.”

ಫೋನ್ ಇಟ್ಟೇಬಿಟ್ಟರು. ಹಿಂದಾಗಿದ್ದರೆ ಇಷ್ಟು ಹೊತ್ತಿಗೆ ನಾವಿನ್ನೂ ವಿದರ್ಭವನ್ನೇ ದಾಟಿರುತ್ತಿರಲಿಲ್ಲ.