ಎಷ್ಟು ಸಲ ನಂಬರ್ 1?

ನ್ಯೂಯಾರ್ಕ್‌ಗೆ ಹೋದವರೆಲ್ಲ ಟೈಮ್ಸ್ ಸ್ಕ್ವೇರ್ ದೀಪಗಳ ಮುಂದೆ ಸೆಲ್ಫಿ ತಗೋತಾರೆ. ಅಲ್ಲಿಂದ ಸ್ವಲ್ಪವೇ ನಡೆದು, 40ನೇ ಬೀದಿಯಲ್ಲಿ ಮೆಟ್ಟಿಲು ಹತ್ತಿದರೆ ಮಿಡ್‌ಟೌನ್ ಕಾಮಿಕ್ಸ್ ಅಂಗಡಿ. ಬುಧವಾರವೇ ಹೋಗಿ, ಹೊಸ ಸಂಚಿಕೆಗಳು ಬರೋ ದಿನ ಅದು.

ನಾನು ಹೋದಾಗ ಹಳೇ ಸಂಚಿಕೆಗಳನ್ನು ತಡಕಾಡುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. 2011ರಲ್ಲಿ ಡಿಸಿ ಕಂಪನಿ ಒಟ್ಟು 52 ಸರಣಿಗಳನ್ನು ನಂಬರ್ 1ರಿಂದ ಶುರು ಮಾಡಿದ್ದು ಅವರಿಗೆ ಇನ್ನೂ ಜೀರ್ಣವಾಗಿಲ್ಲ. 1938ರಲ್ಲಿ ಹುಟ್ಟಿದ ‘ಆಕ್ಷನ್ ಕಾಮಿಕ್ಸ್’ 904ಕ್ಕೆ ನಿಂತು ಮತ್ತೆ 1 ಆಯ್ತು. ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿಯೂ ಮಾಯ! “ಅಪ್ಪನ ಕಾಲದಿಂದ ಜೋಡಿಸಿದ ಸಾಲು. ನಡುವೆ ಕತ್ತರಿ ಹಾಕಿದ್ರು,” ಅಂದರು.

ಪಕ್ಕದಲ್ಲಿದ್ದ ಹುಡುಗಿ ನಕ್ಕಳು. “ನಾನು ಓದೋಕೆ ಶುರು ಮಾಡಿದ್ದೇ ಆ ನಂಬರ್ 1ರಿಂದ. 900 ಸಂಚಿಕೆ ಹಿಂದಕ್ಕೆ ಹೋಗಿ ಯಾರು ಓದ್ತಾರೆ?”

ಇಬ್ಬರದ್ದೂ ನಿಜವೇ. ಮೊದಲ ಸಂಚಿಕೆ ಚೆನ್ನಾಗಿ ಮಾರಾಟವಾಗುತ್ತೆ, ಹೊಸ ಓದುಗರೂ ಬರ್ತಾರೆ. ಆದರೆ ಸಂಗ್ರಾಹಕರಿಗೆ ಆ ಸಂಖ್ಯೆ ಬರೀ ಲೆಕ್ಕವಲ್ಲ, ವಂಶಾವಳಿ. 2016ರಲ್ಲಿ ‘ಆಕ್ಷನ್ ಕಾಮಿಕ್ಸ್’ 957ರಿಂದ ಹಳೇ ಲೆಕ್ಕಕ್ಕೇ ಮರಳಿತು. 2018ರ ಸಾವಿರನೇ ಸಂಚಿಕೆಯಲ್ಲಿ ಚಡ್ಡಿಯೂ ವಾಪಸ್!

ಗ್ರೆಗ್ ಕಪುಲ್ಲೊ ಬರೆದ ಬ್ಯಾಟ್‌ಮ್ಯಾನ್ ಚಿತ್ರಗಳ ಮಾತು ಬಂದಾಗ ಮಾತ್ರ ಇಬ್ಬರ ಜಗಳ ನಿಂತಿತು. ಅದೂ 2011ರ ನಂಬರ್ 1ರಿಂದ ಶುರುವಾದದ್ದೇ. ಹಿರಿಯರ ಕೈಚೀಲದಲ್ಲೂ ಅದರ ಒಂದು ಪ್ರತಿ ಇತ್ತು.