ನೆಟ್‌ನ ಮುಂದೆ ನಿಲ್ಲುವ ಎದೆಗಾರಿಕೆ

ಟೆನಿಸ್ ನೋಡುವವರು ಜೋರಾದ ಸರ್ವ್‌ಗೆ ಚಪ್ಪಾಳೆ ತಟ್ಟುತ್ತಾರೆ. ಆದರೆ ಆಟಗಾರನ ಎದೆಗಾರಿಕೆ ಗೊತ್ತಾಗುವುದು ನೆಟ್‌ನ ಹತ್ತಿರ. ಅಂಕಣದ ಉದ್ದ 78 ಅಡಿ. ಹಿಂದಿನ ಗೆರೆಯಲ್ಲಿ ನಿಂತವರಿಗೆ ಚೆಂಡನ್ನು ನೋಡಿ ಯೋಚಿಸಲು ಒಂದಿಷ್ಟು ಸಮಯ ಸಿಗುತ್ತದೆ. ನೆಟ್‌ನ ಬಳಿ ನಿಂತವರಿಗೆ ಸಿಗುವುದು ಸುಮಾರು ಅದರ ಅರ್ಧ. ಎದುರಾಳಿಗೂ ಅವರಿಗೂ ನಡುವೆ ಇರುವುದು ಮಧ್ಯದಲ್ಲಿ ಕೇವಲ 3 ಅಡಿ ಎತ್ತರದ ಬಲೆ.

ಬಾಬಾಬುಡನ್‌ಗಿರಿಯ ದಾರಿಯಲ್ಲಿರುವ ನಮ್ಮ ಅತ್ತಿಗುಂಡಿಯಲ್ಲಿ ಸಮತಟ್ಟಾದ ಜಾಗವೇ ಅಪರೂಪ. ಇನ್ನು ಟೆನಿಸ್‌ನ ಮಾತೆಲ್ಲಿ? ಅದು ನಮ್ಮ ಮನೆಗೆ ಬಂದದ್ದು ಮಗಳು ಚಿಕ್ಕಮಗಳೂರಿನಲ್ಲಿ ಕಾಲೇಜು ಸೇರಿದ ಮೇಲೆ. ಡಬಲ್ಸ್‌ನಲ್ಲಿ ಜೊತೆಗಾತಿ ಸರ್ವ್ ಮಾಡುವಾಗ ಇವಳು ಮುಂದೆ ನಿಲ್ಲಬೇಕು. "ಅಬ್ಬಾ, ಚೆಂಡು ಮುಖಕ್ಕೇ ಬಂದಂತಾಗುತ್ತದೆ. ಕಣ್ಣು ತಾನಾಗಿಯೇ ಮುಚ್ಚಿಹೋಗುತ್ತದೆ. ನಾನು ಬಿಟ್ಟುಬಿಡುತ್ತೇನೆ" ಎಂದಳು. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಮೊದಲೇ ಗೊಣಗುತ್ತಿದ್ದ ಬಂಧುಗಳಿಗೆ ಅಷ್ಟೇ ಸಾಕಾಯಿತು. ಓದಿನ ಕಾರಣಕ್ಕೆ ಅವಳು ಆಟ ಬಿಟ್ಟಿದ್ದರೆ ನನಗೆ ಬೇಸರವಿರಲಿಲ್ಲ. ಹೆದರಿ ಬಿಡುವುದು ಮಾತ್ರ ಬೇಡವಾಗಿತ್ತು. ಒಮ್ಮೆ ಹೆದರಿ ಹಿಂದೆ ಸರಿದ ಕಾಲು ಮುಂದೆ ಎಲ್ಲ ಕಡೆಯೂ ಹಿಂದಕ್ಕೇ ಹೋಗಲು ನೋಡುತ್ತದೆ.

ನನಗೆ ಟೆನಿಸ್ ಆಡಲು ಬಾರದು. ಆದರೆ ಓದುವ ದಿನಗಳಲ್ಲಿ ಕುಸ್ತಿ ನೋಡಿದ್ದೇನೆ. ಪೈಲ್ವಾನನು ಮೊಣಕಾಲು ಬಗ್ಗಿಸಿ, ಕೈಗಳನ್ನು ಮುಂದಿಟ್ಟು, ಎದುರಾಳಿಯ ಮೇಲಿಂದ ಕಣ್ಣು ತೆಗೆಯದೆ ನಿಲ್ಲುತ್ತಾನೆ. ನೆಟ್‌ನ ಆಟಕ್ಕೂ ಬೇಕಾದುದು ಇದೇ. ರ‍್ಯಾಕೆಟ್ ಎದೆಯ ಮುಂದಿರಬೇಕು. ಎದುರಾಳಿ ಚೆಂಡನ್ನು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಸಣ್ಣದಾಗಿ ಜಿಗಿದು ಎರಡೂ ಪಾದಗಳ ಮೇಲೆ ಸಿದ್ಧವಾಗಬೇಕು. ಆಗ ಯಾವ ಕಡೆಗೂ ಹೊರಳಬಹುದು. ವಾಲಿ ಎಂದರೆ ತೋಳನ್ನು ದೂರದಿಂದ ಬೀಸುವುದಲ್ಲ. ಬಾಕ್ಸರನ ಗುದ್ದಿನಂತೆ ಅದು ಚಿಕ್ಕದು, ಗಟ್ಟಿಯಾದದ್ದು. ಮಣಿಕಟ್ಟು ಬಿಗಿಯಾಗಿದ್ದು, ಒಂದು ಹೆಜ್ಜೆ ಮುಂದಿಟ್ಟರೆ ಬರುವ ಚೆಂಡಿನ ವೇಗವೇ ಉಳಿದ ಕೆಲಸ ಮಾಡುತ್ತದೆ. ಹಿಂದೆ ಸರಿದರೆ ಚೆಂಡು ಕೆಳಗಿಳಿಯುತ್ತದೆ. ಆಗ ಅದನ್ನು ಮೇಲೆತ್ತಿ ಕೊಡಬೇಕಾಗುತ್ತದೆ, ಎದುರಾಳಿಗೆ ಅದೇ ಸುಲಭದ ತುತ್ತು.

ಕಾಫಿಯ ನಾಡಿನಿಂದಲೇ ಬಂದ ರೋಹನ್ ಬೋಪಣ್ಣರನ್ನು ನೋಡಿ. ಕೊಡಗಿನ ಈ ಆಟಗಾರ 2010ರಲ್ಲಿ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಂದಿಗೆ ಅಮೆರಿಕನ್ ಓಪನ್ ಫೈನಲ್ ತಲುಪಿ, ಬ್ರಯಾನ್ ಸಹೋದರರಿಗೆ ಸೋತರು. 2017ರಲ್ಲಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಬಂತು, ಪುರುಷರ ಡಬಲ್ಸ್ ಪ್ರಶಸ್ತಿ ಬರಲಿಲ್ಲ. 2021ರಲ್ಲಿ ತಿಂಗಳುಗಟ್ಟಲೆ ಗೆಲುವಿಲ್ಲದೆ, ಆಟ ಸಾಕೆಂದು ಯೋಚಿಸಿದ್ದರು. ಮಂಡಿಗಳು ಸವೆದಿದ್ದವು. ಯೋಗಾಭ್ಯಾಸದಿಂದ ಕಾಲುಗಳಿಗೆ ಬಲ ತಂದುಕೊಂಡರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವದ ಮೊದಲ ರ‍್ಯಾಂಕಿಗೇರಿದರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಹೆಣ್ಣುಮಕ್ಕಳಿಗೆ ಯಾಕೆ ಎನ್ನುವವರಿಗೆ ನಾನು ಇನ್ನೊಂದು ಹೆಸರು ಹೇಳಿದೆ: 2015ರಲ್ಲಿ ಮಹಿಳಾ ಡಬಲ್ಸ್‌ನ ಅದೇ ಸ್ಥಾನಕ್ಕೇರಿದ ಸಾನಿಯಾ ಮಿರ್ಜಾ.

ಹೋರಾಟಗಾರನೆಂದರೆ ಹಲ್ಲು ಕಡಿಯುವವನೇ? ಎದುರಾಳಿಯನ್ನು ಕೆಡಹುವವನಿಗಿಂತ ಸಿಟ್ಟು ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬುದನ್ನು ನಾವು ಮದ್ರಸದಲ್ಲಿ ಎಳವೆಯಲ್ಲೇ ಕಲಿತಿದ್ದೇವೆ. ನೆಟ್‌ನ ಬಳಿ ಅದು ಅಕ್ಷರಶಃ ನಿಜ. ಆವೇಶದಲ್ಲಿ ಮುನ್ನುಗ್ಗಿ ಆಟದ ನಡುವೆ ರ‍್ಯಾಕೆಟ್ಟೋ ಮೈಯೋ ನೆಟ್‌ಗೆ ತಾಗಿದರೆ ಪಾಯಿಂಟ್ ಹೋಯಿತು. ಬಂದ ಚೆಂಡನ್ನೆಲ್ಲ ಜಜ್ಜಲು ಹೋದರೆ ಅದು ಗೆರೆಯ ಆಚೆ ಬೀಳುತ್ತದೆ.

ರಜೆಯಲ್ಲಿ ಮನೆಯಂಗಳದಲ್ಲಿ ಹಗ್ಗ ಕಟ್ಟಿದೆವು. ಮೊದಲು ಸ್ಪಂಜಿನ ಚೆಂಡನ್ನು ಎಸೆದೆ. ಅದು ತಾಗಿದರೂ ನೋಯುವುದಿಲ್ಲವೆಂದು ತಿಳಿದ ಮೇಲೆ ಅವಳ ಕಣ್ಣು ತೆರೆದೇ ಇತ್ತು. ಆಮೇಲೆ ಟೆನಿಸ್ ಚೆಂಡು, ದಿನಕ್ಕೊಂದಿಷ್ಟು ಜೋರಾಗಿ. ನಿಮ್ಮ ಮನೆಯ ಮಕ್ಕಳಿಗೂ ಹೀಗೆ ಕಲಿಸಬಹುದು. ಹೆದರಬೇಡ ಎಂದು ಹೇಳುವುದಕ್ಕಿಂತ, ಭಯವನ್ನು ತಡೆಯಬಹುದಾದಷ್ಟೇ ಸಣ್ಣ ತುಂಡುಗಳಾಗಿ ಮಾಡಿ ಕೊಡುವುದು ಮೇಲು.

ಕಾಲೇಜಿನ ಪಂದ್ಯದಲ್ಲಿ ಅವಳ ಜೋಡಿ ಸೋತಿತು. ಭುಜಕ್ಕೆ ಒಂದು ಚೆಂಡು ಬಿದ್ದಿತ್ತಂತೆ. "ನೋವಾಯಿತಾ?" ಎಂದು ಅವಳ ತಾಯಿ ಕೇಳಿದಳು. "ಆಯಿತು ಅಮ್ಮಿ. ಆದರೆ ಅದು ಬರುವುದನ್ನು ನೋಡಿದೆ" ಎಂದಳು ಮಗಳು.